ಲಿವರ್ ರೈಫಲ್‌ಗೆ ದೊಡ್ಡ ತೋಟಾ: ನಾನು 45-70 ಬಿಟ್ಟು ಕದಲದಿರುವುದು ಯಾಕೆ

ಲಿವರ್ ರೈಫಲ್ (ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಗೆ ಎಳೆದು ಮುಂದಿನ ತೋಟಾ ಏರಿಸುವ ಕೋವಿ) ಕೊಳ್ಳಲು ಹೊರಟವರು ಮೊದಲು ಕೋವಿ ನೋಡುತ್ತಾರೆ. ಮರದ ಹಿಡಿಯ ಬಣ್ಣ, ನಳಿಗೆಯ ಉದ್ದ, ಲಿವರ್‌ನ ಬಳೆ ದೊಡ್ಡದಾ ಚಿಕ್ಕದಾ, ಇಷ್ಟರಲ್ಲೇ ಮನಸ್ಸು ಸೋತುಹೋಗಿರುತ್ತದೆ. ಯಾವ ತೋಟಾದ್ದು ಅನ್ನುವುದನ್ನು ಕೊನೆಗೆ ಕೇಳುತ್ತಾರೆ. ನನ್ನನ್ನು ಕೇಳಿದರೆ ತೋಟಾ ಮೊದಲು, ಕೋವಿ ಆಮೇಲೆ. ಪ್ರಾಣಿಗೆ ತಾಗುವುದು ಗುಂಡು, ಕೋವಿಯ ಚಂದ ಅಲ್ಲ.

ನಾನು ಬಹಳ ವರ್ಷಗಳಿಂದ ಹೊತ್ತು ತಿರುಗುತ್ತಿರುವುದು ಮಾರ್ಲಿನ್ ಕಂಪನಿಯ 1895 ಮಾದರಿ. ತೋಟಾ 45-70, ನಳಿಗೆ 18.5 ಇಂಚು. ಜೊತೆಯಲ್ಲಿ ಬೇಟೆಗೆ ಬರುವವರ ಹತ್ತಿರ 444 ಮಾರ್ಲಿನ್ ಇದೆ, 450 ಮಾರ್ಲಿನ್ ಇದೆ. ಎರಡನ್ನೂ ಬೇಕಾದಷ್ಟು ಹೊಡೆದು ನೋಡಿದ್ದೇನೆ. ಎರಡೂ ಒಳ್ಳೆಯ ತೋಟಾಗಳೇ. ಆದರೂ ಒಂದೇ ದೊಡ್ಡ ಕೋವಿ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನಾನು 45-70 ಅಂತಲೇ ಹೇಳುತ್ತೇನೆ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋರಿದೆ ಅಂತ ಅಲ್ಲ. ಒಂದೇ ಕೋವಿಯಲ್ಲಿ ಮೆತ್ತಗಿನದು, ನಡುವಿನದು, ಭಾರಿಯದು, ಮೂರೂ ತರದ ತೋಟಾ ನಡೆಯುತ್ತದೆ ಅನ್ನುವುದು ಕಾರಣ. ಈ ಅನುಕೂಲ ಬೇರೆ ಎರಡರಲ್ಲಿ ಈ ಮಟ್ಟಕ್ಕೆ ಇಲ್ಲ.

ಅದಕ್ಕೆ ಬರುವ ಮೊದಲು ಲಿವರ್ ಕೋವಿಯ ಒಂದು ಕಟ್ಟುಪಾಡು ಗೊತ್ತಿರಬೇಕು. ಈ ಕೋವಿಗಳಲ್ಲಿ ಹೆಚ್ಚಿನವುಗಳಿಗೆ ನಳಿಗೆಯ ಕೆಳಗೆ ಕೊಳವೆಯಂಥ ಮ್ಯಾಗಜಿನ್ ಇರುತ್ತದೆ. ಪಕ್ಕದ ಕಿಂಡಿಯ ಸ್ಪ್ರಿಂಗ್ ಬಾಗಿಲನ್ನು ಹೆಬ್ಬೆರಳಿಂದ ಒತ್ತಿ ತೋಟಾಗಳನ್ನು ಒಂದೊಂದಾಗಿ ಒಳಗೆ ದೂಡಬೇಕು. ಒಳಗೆ ಅವು ಒಂದರ ಹಿಂದೆ ಒಂದು ಸಾಲಾಗಿ ಮಲಗುತ್ತವೆ. ಹಿಂದಿನದರ ಗುಂಡಿನ ಮೂತಿ ಮುಂದಿನದರ ಪ್ರೈಮರ್‌ಗೆ (ಮದ್ದಿಗೆ ಕಿಡಿ ಹಚ್ಚುವ ಬುಡದ ಬಿಲ್ಲೆಗೆ) ಒತ್ತಿಕೊಂಡು ಕೂರುತ್ತದೆ. ಗುಂಡು ಚೂಪಾಗಿದ್ದರೆ ಕೋವಿ ಒದ್ದಾಗ ಆ ಮೊನೆಯೇ ಪ್ರೈಮರ್ ಸಿಡಿಸಬಹುದು, ಕೊಳವೆಯೊಳಗೇ! ಹಾಗಾಗಿ ಇದಕ್ಕೆ ಚಪ್ಪಟೆ ಮೂತಿಯ ಗುಂಡೇ ಬೇಕು. ಚಪ್ಪಟೆ ಮೂತಿ ಗಾಳಿಯನ್ನು ಸೀಳುವುದಿಲ್ಲ, ದೂಡಿಕೊಂಡು ಹೋಗುತ್ತದೆ. ವೇಗ ಬೇಗ ಇಳಿಯುತ್ತದೆ, ದೂರ ಹೋದಂತೆ ಗುಂಡು ಕೆಳಗೆ ಬೀಳುತ್ತದೆ. 300 ಗಜ ದೂರದ ಬಯಲು ಬೇಟೆ ಇದರ ಕೆಲಸವಲ್ಲ. ದಟ್ಟ ಕಾಡು, ಪೊದೆ, ಹಳ್ಳದ ಇಳಿಜಾರು, 30 ಗಜದಲ್ಲಿ ಥಟ್ಟನೆ ಎದ್ದು ಓಡುವ ಹಂದಿ, ಇಂಥ ಕಡೆಗೇ ಇದು ಹುಟ್ಟಿದ್ದು.

2005-06ರ ಹೊತ್ತಿಗೆ ತೋಟಾ ಕಂಪನಿ ಹಾರ್ನಡಿಯವರು ಲೆವರೆವಲ್ಯೂಷನ್ ಅನ್ನುವ ತೋಟಾ ತಂದರು. ಅದರ ಗುಂಡಿನ ತುದಿ ಚೂಪೇ, ಆದರೆ ಮೆತ್ತಗಿನ ರಬ್ಬರಿನಂಥದ್ದು. ಮುಂದಿನ ಪ್ರೈಮರ್‌ಗೆ ತಾಗಿದರೆ ಅದೇ ಅಮುಕಿಕೊಳ್ಳುತ್ತದೆ. ಕೊಳವೆ ಮ್ಯಾಗಜಿನ್‌ನಲ್ಲೂ ಧೈರ್ಯವಾಗಿ ಹಾಕಬಹುದು. ಲಿವರ್ ಕೋವಿಯ ಹರವನ್ನು ನಿಜಕ್ಕೂ ಹಿಗ್ಗಿಸಿದ್ದು ಇದು.

ಈಗ 45-70 ವಿಷಯ. ಇದು ಬಲು ಹಳೆಯ ತೋಟಾ. 1873ರಲ್ಲಿ ಅಮೆರಿಕದ ಸೈನ್ಯ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ಅಂತ ಒಪ್ಪಿಕೊಂಡದ್ದು. ಗುಂಡಿನ ಅಗಲ 0.45 ಇಂಚಿನ ಆಸುಪಾಸು (ಈಗ ಲೆಕ್ಕ 0.458), ಒಳಗೆ 70 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್) ಕರಿಮದ್ದು, ಮುಂದೆ 405 ಗ್ರೇನ್ ಸೀಸ. ಆ ಸ್ಪ್ರಿಂಗ್‌ಫೀಲ್ಡ್‌ಗೆ ಬೆನ್ನ ಮೇಲೆ ತೆರೆಯುವ ಸಣ್ಣ ಮುಚ್ಚಳ ಇರುತ್ತಿತ್ತು. ಅದಕ್ಕೇ ಎಲ್ಲರೂ ಅದನ್ನು ಟ್ರ್ಯಾಪ್‌ಡೋರ್ ಅನ್ನುತ್ತಾರೆ. ಆ ಮುಚ್ಚಳ ಜಾಸ್ತಿ ಒತ್ತಡ ತಡೆಯುವುದಿಲ್ಲ. ಅಂಥ ಕೋವಿಗಳು ಇವತ್ತಿಗೂ ಜನರ ಕೈಯಲ್ಲಿವೆ. ಹಾಗಾಗಿ ದೊಡ್ಡ ಕಂಪನಿಗಳ ಸಾಮಾನ್ಯ 45-70 ತೋಟಾ ಇವತ್ತಿಗೂ ಮೆತ್ತಗೇ ಇರುತ್ತದೆ. ಅದಕ್ಕೆ ನಿಗದಿಯಾದ ಗರಿಷ್ಠ ಒತ್ತಡ (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) 28,000 ಪಿಎಸ್‌ಐ ಮಾತ್ರ.

ಅದೇ ತೋಟಾ 1880ರ ದಶಕದಲ್ಲಿ ಮಾರ್ಲಿನ್ 1881, ವಿಂಚೆಸ್ಟರ್ 1886 ಲಿವರ್ ಕೋವಿಗಳಿಗೆ ಬಂತು. ವಿಂಚೆಸ್ಟರ್ 1886 ಜಾನ್ ಬ್ರೌನಿಂಗ್ ಅವರ ವಿನ್ಯಾಸ. ಆಮೇಲೆ ಬಹಳ ಕಾಲ ತೆರೆಮರೆಗೆ ಸರಿದಿದ್ದ ಇದನ್ನು 1972ರಲ್ಲಿ ಮಾರ್ಲಿನ್ ತನ್ನ ಹೊಸ 1895 ಕೋವಿಯಲ್ಲಿ ಮತ್ತೆ ತಂದಿತು. ಹೆಸರು ಹಳೆಯದು, ಒಳಗಿನ ಯಂತ್ರ 336 ಮಾದರಿಯದು. ಈ ಉಕ್ಕು ಟ್ರ್ಯಾಪ್‌ಡೋರ್‌ಗಿಂತ ಎಷ್ಟೋ ಗಟ್ಟಿ. ಮದ್ದು ತುಂಬುವವರ ಕೈಪಿಡಿಗಳಲ್ಲಿ 45-70ಕ್ಕೆ ಬೇರೆ ಬೇರೆ ಮೂರು ಪಟ್ಟಿ ಇರುವುದು ಇದಕ್ಕೇ. ಟ್ರ್ಯಾಪ್‌ಡೋರ್‌ಗೆ ಒಂದು, ಈಗಿನ ಲಿವರ್ ಕೋವಿಗಳಿಗೆ ಒಂದು, ರೂಗರ್ ನಂಬರ್ 1 ತರದ ಒಂಟಿ ತೋಟಾ ಕೋವಿಗಳಿಗೆ ಇನ್ನೊಂದು. ಮೂರನೆಯ ಪಟ್ಟಿಯದನ್ನು ಲಿವರ್ ಕೋವಿಗೆ ಹಾಕಲೇಬಾರದು. ಎರಡನೆಯದನ್ನು ಟ್ರ್ಯಾಪ್‌ಡೋರ್‌ಗೆ ಹಾಕಬಾರದು. ಪೆಟ್ಟಿಗೆಯ ಮೇಲಿನ ಎಚ್ಚರಿಕೆಯನ್ನು ಪ್ರತಿ ಸಲ ಓದಿ. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರ ಕಾಣುತ್ತವೆ.

ನಾನು ಇದನ್ನು ಬಳಸುವುದು ಹೇಗೆ ಅಂತ ಹೇಳುತ್ತೇನೆ.

ದಟ್ಟ ಕಾಡಿಗೆ ನನ್ನ ಮೊದಲ ಆಯ್ಕೆ ಕಂಪನಿಯ ಮೆತ್ತಗಿನ 405 ಗ್ರೇನ್ ಸಾಫ್ಟ್ ಪಾಯಿಂಟ್, ಅಂದರೆ ತುದಿಯಲ್ಲಿ ಮೆತ್ತನೆಯ ಸೀಸ ತೆರೆದಿರುವ ಗುಂಡು. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 1330 ಅಡಿ. ಶಕ್ತಿಯ ಲೆಕ್ಕ ಹಾಕಿದರೆ 1600 ಫುಟ್-ಪೌಂಡ್‌ಗೂ ಸ್ವಲ್ಪ ಕಮ್ಮಿ. ಕಾಗದದ ಮೇಲೆ ಇದು ಲಿವರ್ ಕೋವಿಗಳ ಮಾಮೂಲಿ ಜಿಂಕೆ ತೋಟಾ 30-30ಗಿಂತ ಕೆಳಗೆ ಬರುತ್ತದೆ. 170 ಗ್ರೇನ್ 30-30 ಗುಂಡು 1800 ಫುಟ್-ಪೌಂಡ್ ದಾಟುತ್ತದಲ್ಲ. ಈ ಅಂಕಿ ನೋಡಿ ಎಷ್ಟೋ ಜನ ಮೂಗು ಮುರಿಯುತ್ತಾರೆ. ಅವರು ಒಂದು ಸಲ ಹಂದಿಯ ಮೇಲೆ ಇದರ ಕೆಲಸ ನೋಡಬೇಕು.

ಒಂದು ಗಂಡು ಹಂದಿಯ ಕತೆ ಹೇಳುತ್ತೇನೆ. ಮುಳ್ಳುಪೊದೆಯ ಅಂಚಿನಲ್ಲಿ ನೆಲ ಅಗೆಯುತ್ತಾ ನಿಂತಿತ್ತು, 60 ಗಜಕ್ಕಿಂತ ಹತ್ತಿರ. ಸ್ವಲ್ಪ ಓರೆಯಾಗಿ ನನ್ನ ಕಡೆ ತಿರುಗಿತ್ತು. ಗಂಡು ಹಂದಿಗೆ ಭುಜದ ಮೇಲೆ ಚರ್ಮದಡಿ ಗಟ್ಟಿ ಪದರ ಇರುತ್ತದೆ, ಕೆಸರು ಬೇರೆ ಅದರ ಮೇಲೆ ಒಣಗಿ ಅಂಟಿರುತ್ತದೆ. 405 ಗ್ರೇನ್ ಗುಂಡು ಮುಂದಿನ ಭುಜದಲ್ಲಿ ಹೊಕ್ಕು ಮೂಳೆ ಮುರಿದುಕೊಂಡು ಆಚೆ ಪಕ್ಕೆಲುಬುಗಳ ಹಿಂದೆ ಹೊರಬಂದಿತ್ತು. ಹಂದಿ ಮೂತಿ ನೆಲಕ್ಕೆ ಊರಿ ಕೂತಲ್ಲೇ ಕೂತಿತು. ಬಿಡಿಸುವಾಗ ನೋಡಿದರೆ ಗಾಯದ ಸುತ್ತ ಹೆಪ್ಪುಗಟ್ಟಿದ ರಕ್ತ ಎರಡು ಬೆರಳಗಲವೂ ಇರಲಿಲ್ಲ. ವೇಗದ ಸಣ್ಣ ಗುಂಡು ಭುಜಕ್ಕೆ ಬಿದ್ದರೆ ಅರ್ಧ ಭುಜದ ಮಾಂಸ ಎಸೆಯಬೇಕಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಅಗಲದ, ಭಾರದ, ನಿಧಾನದ ಗುಂಡಿನ ಗುಣ ಇದು. ಒಳಗೆ ಹೋಗಿ ಸ್ಫೋಟವಾಗುವುದಿಲ್ಲ, ನೆಟ್ಟಗೆ ತೂತು ಕೊರೆದು ಆಚೆ ಹೋಗುತ್ತದೆ. ಎರಡು ತೂತು ಬಿದ್ದರೆ ರಕ್ತದ ಜಾಡು ಹಿಡಿಯುವುದೂ ಸುಲಭ.

ಆದರೆ ದೂರಕ್ಕೆ ಇದು ಆಗುವುದಿಲ್ಲ. 100 ಗಜಕ್ಕೆ ಗುರಿ ಕೂರಿಸಿದರೆ 200 ಗಜದಲ್ಲಿ ಎರಡು ಅಡಿಯಷ್ಟು ಕೆಳಗೆ ಬೀಳುತ್ತದೆ. ನಾನು 125 ಗಜ ದಾಟಿ ಈ ತೋಟಾದಲ್ಲಿ ಹೊಡೆಯುವುದಿಲ್ಲ. ದೂರ ಅಂದಾಜು ಮಾಡುವುದರಲ್ಲಿ 25 ಗಜ ಹೆಚ್ಚುಕಮ್ಮಿ ಆದರೂ ಗಾಯಗೊಂಡ ಪ್ರಾಣಿ ಕಾಡು ಸೇರುತ್ತದೆ. ಅದು ಯಾರಿಗೂ ಬೇಡ.

ಗದ್ದೆ ಬಯಲಿನ ಅಂಚು, ಕಡಿದು ತೆರವಾದ ಕಾಡು, ಇಂಥ ಕಡೆ ಜಿಂಕೆಗೆ ಕಾಯುವುದಾದರೆ ಅದೇ ಹಾರ್ನಡಿಯ 325 ಗ್ರೇನ್ ಹಾಕುತ್ತೇನೆ. ಕಂಪನಿಯ ಲೆಕ್ಕದಲ್ಲಿ ವೇಗ 2050 ಅಡಿ, ಶಕ್ತಿ 3000 ಫುಟ್-ಪೌಂಡ್ ಮೇಲೆ. ನನ್ನ ಗಿಡ್ಡ ನಳಿಗೆಯಲ್ಲಿ ಅದಕ್ಕಿಂತ ಕಮ್ಮಿಯೇ ಬರುತ್ತದೆ. 100 ಗಜದಲ್ಲಿ 3 ಇಂಚು ಮೇಲೆ ಕೂರಿಸಿದರೆ 200 ಗಜದಲ್ಲಿ 4 ಇಂಚಿನಷ್ಟು ಕೆಳಗೆ. ಜಿಂಕೆಯ ಎದೆಗೂಡಿಗೆ ಇದು ಧಾರಾಳ ಸಾಕು. 300 ಗಜಕ್ಕೆ ಹೋದರೆ ಇದೂ ಎರಡು ಅಡಿ ದಾಟಿ ಇಳಿಯುತ್ತದೆ, ಆಸೆ ಪಡಬೇಡಿ.

ಈ ತೋಟಾದ್ದು ಇನ್ನೊಂದು ವಿಷಯ. ಉದ್ದ ಮೂತಿಯ ಗುಂಡು ಲಿವರ್ ಕೋವಿಯೊಳಗೆ ಹಿಡಿಸಲಿ ಅಂತ ಇದರ ಹಿತ್ತಾಳೆ ಕೇಸನ್ನೇ (ಮದ್ದು ತುಂಬುವ ಕವಚವನ್ನೇ) ಮಾಮೂಲಿ 2.105 ಇಂಚಿಗಿಂತ ಗಿಡ್ಡ ಮಾಡಿರುತ್ತಾರೆ. ಖಾಲಿ ಕೇಸು ಮತ್ತೆ ತುಂಬುವವರು ಇವನ್ನು ಬೇರೆ ಡಬ್ಬದಲ್ಲಿ ಇಡಿ. ಮಾಮೂಲಿ ಕೇಸುಗಳ ಜೊತೆ ಬೆರೆಸಿದರೆ ಕ್ರಿಂಪ್ (ಕೇಸಿನ ಬಾಯಿ ಗುಂಡನ್ನು ಕಚ್ಚುವ ಹಿಡಿತ) ಒಂದೇ ಸಮ ಬರುವುದಿಲ್ಲ.

ಮೂರನೆಯದು ಗಟ್ಟಿ ಎರಕದ ಸೀಸದ ಗುಂಡು. 430 ಗ್ರೇನ್ ತೂಕ, 1900 ಅಡಿ ವೇಗ, ಅಗಲ ಚಪ್ಪಟೆ ಮೂತಿ. ಈ ತರದ ತೋಟಾಗಳನ್ನು ಕೆಲವೇ ಕೆಲವು ಸಣ್ಣ ಕಂಪನಿಗಳು ಮಾಡುತ್ತವೆ. ಇದು ಅರಳುವುದಿಲ್ಲ, ಮುರಿಯುವುದಿಲ್ಲ, ಸುಮ್ನೆ ಒಳಗೆ ಹೋಗುತ್ತಲೇ ಇರುತ್ತದೆ. ದೊಡ್ಡ ಕರಡಿ ಇರುವ ಕಾಡಿನಲ್ಲಿ ಮೂಸ್ ಬೇಟೆಗೆ ಹೋಗುವವರು ಇದನ್ನು ತುಂಬಿಕೊಂಡು ಹೋಗುವುದರಲ್ಲಿ ಅರ್ಥ ಇದೆ. ಜಿಂಕೆಗೆ ಇದು ಬೇಡವೇ ಬೇಡ.

ಯಾಕೆ ಅಂದರೆ ಒದೆತ. ಏಳೂವರೆ ಪೌಂಡ್ ಕೋವಿಯಲ್ಲಿ ಮೆತ್ತಗಿನ 405ರ ಒದೆತ 19 ಫುಟ್-ಪೌಂಡ್ ಹತ್ತಿರ. ಅದೇ ಕೋವಿಯಲ್ಲಿ ಆ ಭಾರಿ 430 ಹಾಕಿದರೆ 40 ದಾಟುತ್ತದೆ. 30-30ಯದ್ದು ಹತ್ತು ಹನ್ನೊಂದು. ಅಂದರೆ ಮೆತ್ತಗಿನ 45-70 ಭುಜವನ್ನು ನಿಧಾನವಾಗಿ ಹಿಂದಕ್ಕೆ ದೂಡುತ್ತದೆ, ಭಾರಿಯದು ಗುದ್ದುತ್ತದೆ. ಆ ಗುದ್ದಿಗೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಕಣ್ಣು ಮುಚ್ಚಿದ ಮೇಲೆ ಗುಂಡು ಎಷ್ಟು ದೊಡ್ಡದಿದ್ದರೆ ಏನು ಪ್ರಯೋಜನ ಹೇಳಿ. ಕೋವಿ ಕೊಳ್ಳುವ ಮೊದಲು ಯಾರದ್ದಾದರೂ ಕೋವಿ ಕೇಳಿ, ಕೂತುಕೊಂಡಲ್ಲ, ನಿಂತುಕೊಂಡು ಹೊಡೆದು ನೋಡಿ. ಬೆಂಚಿನ ಮೇಲೆ ಬಗ್ಗಿ ಹೊಡೆದರೆ ಇಡೀ ಒದೆತ ಭುಜದ ಮೂಳೆಗೇ ಬರುತ್ತದೆ, ನಿಂತಾಗ ಮೈ ಅದರ ಜೊತೆ ಹಿಂದಕ್ಕೆ ಹೋಗುತ್ತದೆ. ಹಿಡಿಯ ತುದಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಇರಲಿ. ಚಂದ ಕಾಣಲಿ ಅಂತ ಗಟ್ಟಿ ಪ್ಲಾಸ್ಟಿಕ್ ತಗಡು ಹಾಕಿಸಬೇಡಿ.

ಇಲ್ಲೇ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಿಬಿಡುತ್ತೇನೆ. ದೊಡ್ಡ ಗುಂಡು ಪೊದೆ ಸೀಳಿಕೊಂಡು ಹೋಗುತ್ತದೆ, ಕಡ್ಡಿ ಅಡ್ಡ ಬಂದರೂ ದಾರಿ ತಪ್ಪುವುದಿಲ್ಲ ಅಂತ ಜನ ಹೇಳುತ್ತಾರೆ. ನಿಜವಲ್ಲ. ಕಡ್ಡಿಗೆ ತಾಗಿದರೆ 405 ಗ್ರೇನೂ ತಿರುಗುತ್ತದೆ. ಪ್ರಾಣಿಗೆ ತೀರಾ ಹತ್ತಿರದ ಕಡ್ಡಿಯಾದರೆ ಹೇಗೋ ತಾಗಬಹುದು, ನಿಮ್ಮ ಕಡೆಗಿನ ಕಡ್ಡಿಯಾದರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಸಾಧ್ಯವಿಲ್ಲ. ಪೊದೆಗಾಡಿನಲ್ಲಿ 45-70 ಒಳ್ಳೆಯದಾಗಿರುವುದು ಬೇರೆ ಕಾರಣಕ್ಕೆ. ಕೋವಿ ಗಿಡ್ಡ, ಬೇಗ ಭುಜಕ್ಕೆ ಬರುತ್ತದೆ, ಹತ್ತಿರದ ಹೊಡೆತದಲ್ಲಿ ಪ್ರಾಣಿ ದೂರ ಓಡುವುದಿಲ್ಲ. ಸಂದು ಸಿಗುವವರೆಗೆ ಕಾಯಲೇಬೇಕು.

ಈಗ 444 ಮಾರ್ಲಿನ್. ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನುವುದು ನನ್ನ ಅನಿಸಿಕೆ. 1964ರಲ್ಲಿ ಬಂದದ್ದು. ಆಗ 45-70ಕ್ಕೆ ಹೊಸ ಲಿವರ್ ಕೋವಿಯೇ ಮಾರುಕಟ್ಟೆಯಲ್ಲಿ ಇರಲಿಲ್ಲ, ಆ ಜಾಗ ತುಂಬಲು ಇದು ಹುಟ್ಟಿತು. 240 ಗ್ರೇನ್ ಗುಂಡನ್ನು 2350 ಅಡಿ ವೇಗದಲ್ಲಿ ಕಳಿಸುತ್ತದೆ. ಜಿಂಕೆಗೆ, ಕರಿ ಕರಡಿಗೆ, ಎಲ್ಕ್‌ಗೂ ಸಾಕು. ಗುಂಡಿನ ಹಾದಿ ಮೆತ್ತಗಿನ 45-70ಗಿಂತ ಎಷ್ಟೋ ಸಪಾಟು. ನನ್ನ ಜೊತೆಗಾರರದ್ದು 265 ಗ್ರೇನ್ ಗುಂಡು ಹಾಕಿದರೆ 100 ಗಜದಲ್ಲಿ ಮೂರು ತೂತೂ ಒಂದಕ್ಕೊಂದು ಅಂಟಿಕೊಂಡೇ ಬೀಳುತ್ತವೆ. ಆ ನಿಖರತೆ ನನ್ನ ಕೋವಿಗೆ ಇಲ್ಲ.

ತೊಡಕು ಎರಡು. ಇದರ ಗುಂಡಿನ ಅಗಲ 44 ಮ್ಯಾಗ್ನಮ್ ರಿವಾಲ್ವರ್‌ನದ್ದೇ. ಹಾಗಾಗಿ ರಿವಾಲ್ವರ್ ವೇಗಕ್ಕೆ ಮಾಡಿದ 240 ಗ್ರೇನ್ ಗುಂಡುಗಳನ್ನೇ ಬಹಳ ಜನ ತುಂಬುತ್ತಾರೆ. 444ರ ವೇಗಕ್ಕೆ ಅವು ತಡೆಯುವುದಿಲ್ಲ, ಭುಜದ ಮೂಳೆಗೆ ತಾಗಿದರೆ ಮೇಲೆಯೇ ಪುಡಿಯಾಗಬಹುದು. ಈ ತೋಟಾಕ್ಕೆ ಅಂತಲೇ ಮಾಡಿದ 265 ಗ್ರೇನ್ ಗುಂಡು ಹಾಕಿದರೆ ಈ ತಾಪತ್ರಯ ಇಲ್ಲ. ಎರಡನೆಯದು ನಳಿಗೆಯೊಳಗಿನ ತಿರುವು, ಅಂದರೆ ಗುಂಡನ್ನು ಬುಗುರಿಯಂತೆ ಸುತ್ತಿಸುವ ಗೀರುಗಳು. ಹಳೆಯ 444 ಕೋವಿಗಳಲ್ಲಿ 38 ಇಂಚಿಗೆ ಒಂದು ಸುತ್ತು. ಅಷ್ಟು ನಿಧಾನದ ತಿರುವು 300 ಗ್ರೇನ್ ಮೇಲಿನ ಉದ್ದ ಗುಂಡುಗಳಿಗೆ ಎಲ್ಲ ಕೋವಿಯಲ್ಲೂ ಒಗ್ಗುವುದಿಲ್ಲ. ಆಮೇಲಿನವು 20 ಇಂಚಿಗೆ ಒಂದು ಸುತ್ತಿನವು. ಹಳೆಯ ಕೋವಿ ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಕೈಯಲ್ಲಿ ಆಗಲೇ ಒಳ್ಳೆಯ 444 ಇದ್ದವರು ಅದನ್ನು ಮಾರಿ 45-70 ಕೊಳ್ಳುವ ಅಗತ್ಯ ಖಂಡಿತ ಇಲ್ಲ.

450 ಮಾರ್ಲಿನ್ 2000ದಲ್ಲಿ ಬಂತು. ಯೋಚನೆ ಒಳ್ಳೆಯದಿತ್ತು. ಭಾರಿ 45-70ಯ ಶಕ್ತಿಯನ್ನು ಕಾರ್ಖಾನೆ ತೋಟಾದಲ್ಲೇ ಕೊಡುವುದು, ಆದರೆ ಅದು ಹಳೆಯ ಟ್ರ್ಯಾಪ್‌ಡೋರ್‌ಗೆ ಹೊಗದಂತೆ ಬುಡದಲ್ಲಿ ಅಗಲದ ಪಟ್ಟಿ ಹಾಕುವುದು. 350 ಗ್ರೇನ್ ಗುಂಡು, 2100 ಅಡಿ ವೇಗ. ಹೊಡೆಯಲು ಗಡುಸು, ಕೆಲಸ ಪಕ್ಕಾ. ಆದರೆ ಅದು ಮಾಡುವುದನ್ನೆಲ್ಲ ಗಟ್ಟಿ ಲಿವರ್ ಕೋವಿಯ 45-70ಯೂ ಮಾಡುತ್ತದೆ. 450ರಲ್ಲಿ ಮೆತ್ತಗಿನ ತೋಟಾ ಬೇಕು ಅಂದರೆ ನೀವೇ ತುಂಬಿಕೊಳ್ಳಬೇಕು. ತೋಟಾ ಹುಡುಕುವುದೇ ಒಂದು ಕೆಲಸ. ಜೊತೆಗಾರರೊಬ್ಬರು ಸೀಸನ್‌ಗೆ ತಿಂಗಳುಗಟ್ಟಲೆ ಮೊದಲೇ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ಹೊಸದಾಗಿ ಕೊಳ್ಳುವವರಿಗೆ ನಾನಂತೂ ಹೇಳುವುದಿಲ್ಲ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. 44 ಮ್ಯಾಗ್ನಮ್ ಲಿವರ್ ಕೋವಿ ಹಗುರ, ಚಂದ, 100 ಗಜದೊಳಗೆ ಜಿಂಕೆಗೆ ಸಾಕು. ಒದೆತಕ್ಕೆ ಹೆದರುವವರಿಗೆ ಇದು ನಿಜವಾದ ಒಳ್ಳೆಯ ದಾರಿ. 1978ರ 375 ವಿಂಚೆಸ್ಟರ್, 1980ರ ದಶಕದ 356 ವಿಂಚೆಸ್ಟರ್ ಎರಡೂ ಜಾಣ ತೋಟಾಗಳು, ಈಗ ಸಿಗುವುದೇ ಕಷ್ಟ. 358 ವಿಂಚೆಸ್ಟರ್ ಬೇಕಿದ್ದರೆ ಬ್ರೌನಿಂಗ್ ಕಂಪನಿಯ ಲಿವರ್ ಕೋವಿ ಬಿಎಲ್‌ಆರ್ ನೋಡಿ. ಅದಕ್ಕೆ ಪೆಟ್ಟಿಗೆ ಮ್ಯಾಗಜಿನ್ ಇರುವುದರಿಂದ ಚೂಪು ಗುಂಡೂ ನಡೆಯುತ್ತದೆ. ಅಮೆರಿಕದಲ್ಲಿ ಓಹಯೋ ತರದ ಕೆಲವು ರಾಜ್ಯಗಳು ಜಿಂಕೆ ಬೇಟೆಯ ರೈಫಲ್‌ಗೆ ನೆಟ್ಟನೆಯ ಗೋಡೆಯ (ಕತ್ತು ಕಿರಿದಾಗದ) ಕೇಸಿನ ತೋಟಾಗಳನ್ನು ಮಾತ್ರ ಒಪ್ಪುತ್ತವೆ. ಅಲ್ಲಿ 358 ನಡೆಯುವುದಿಲ್ಲ, 45-70 ನಡೆಯುತ್ತದೆ. ನಿಮ್ಮ ಕಡೆಯ ನಿಯಮ ನೋಡಿಕೊಂಡೇ ದುಡ್ಡು ಹಾಕಿ.

ಕೋವಿಯ ಬಗ್ಗೆಯೂ ಎರಡು ಮಾತು. ಮಾರ್ಲಿನ್ ಈಗ ರೂಗರ್ ಕೈಯಲ್ಲಿದೆ. 2020ರಲ್ಲಿ ಕೊಂಡರು, 2021ರ ಕೊನೆಗೆ ಅವರು ಮಾಡಿದ 1895 ಹೊರಬಂತು. ಒಳಗಿನ ಕೆಲಸ ನುಣುಪಾಗಿದೆ, ಲಿವರ್ ಎಳೆದರೆ ಎಲ್ಲೂ ತಡೆಯುವುದಿಲ್ಲ. ಹೆನ್ರಿಯ ಕೋವಿಯೂ ಗಟ್ಟಿಮುಟ್ಟು. ಅವರ ಹಳೆಯ 45-70 ಕೋವಿಗಳಿಗೆ ಪಕ್ಕದ ಕಿಂಡಿ ಇರಲಿಲ್ಲ, ಕೊಳವೆಯ ಮುಂದಿನಿಂದಲೇ ತುಂಬಬೇಕಿತ್ತು. ಈಗಿನವಕ್ಕೆ ಎರಡೂ ಇದೆ. ಬೇಟೆ ಮುಗಿದ ಮೇಲೆ ತೋಟಾ ಖಾಲಿ ಮಾಡಲು ಮುಂದಿನ ಕೊಳವೆ ಎಳೆದುಬಿಟ್ಟರೆ ಸಾಕು, ಒಂದೊಂದನ್ನೂ ಲಿವರ್ ಎಳೆದು ಉಗುಳಿಸಬೇಕಿಲ್ಲ. ಈ ಒಂದು ವಿಷಯದಲ್ಲಿ ನನ್ನ ಮಾರ್ಲಿನ್‌ಗಿಂತ ಅದೇ ಮೇಲು.

ಸ್ವಂತ ತೋಟಾ ತುಂಬುವವರು ಕ್ರಿಂಪ್ ವಿಷಯದಲ್ಲಿ ಉದಾಸೀನ ಮಾಡಬೇಡಿ. ಕೊಳವೆಯಲ್ಲಿ ಸ್ಪ್ರಿಂಗ್ ಒತ್ತುತ್ತಿರುತ್ತದೆ, ಪ್ರತಿ ಒದೆತಕ್ಕೂ ತೋಟಾಗಳು ಒಂದಕ್ಕೊಂದು ಗುದ್ದುತ್ತವೆ. ಕೇಸಿನ ಬಾಯಿ ಗುಂಡನ್ನು ಗಟ್ಟಿಯಾಗಿ ಕಚ್ಚಿರದಿದ್ದರೆ ಗುಂಡು ಒಳಗೆ ಜಾರುತ್ತದೆ. ಮದ್ದಿನ ಜಾಗ ಕಿರಿದಾದರೆ ಒತ್ತಡ ಏರುತ್ತದೆ. ನಾನು ಹೊಸ ಬ್ಯಾಚ್ ಮಾಡಿದಾಗ ಮ್ಯಾಗಜಿನ್ ತುಂಬಿ, ಕೊನೆಯ ತೋಟಾವೊಂದನ್ನು ಬಿಟ್ಟು ಉಳಿದವನ್ನೆಲ್ಲ ಹೊಡೆಯುತ್ತೇನೆ. ಆ ಕೊನೆಯದನ್ನು ಹೊರತೆಗೆದು ಅಳೆಯುತ್ತೇನೆ. ಉದ್ದ ಮೊದಲಿನಷ್ಟೇ ಇದ್ದರೆ ಬ್ಯಾಚ್ ಸರಿ.

ಇನ್ನು ಗುರಿ ಕೂರಿಸುವುದು. ಮೂರು ತರದ ತೋಟಾ ನಡೆಯುತ್ತದೆ ಅಂದೆನಲ್ಲ, ಮೂರೂ ಒಂದೇ ಜಾಗಕ್ಕೆ ಬೀಳುವುದಿಲ್ಲ. ನನ್ನ ಕೋವಿಯಲ್ಲಿ 325ಕ್ಕೆ ಕೂರಿಸಿದ ಗುರಿಗೆ 405 ಹಾಕಿದರೆ 100 ಗಜದಲ್ಲಿ ಒಂದು ಗೇಣು ವ್ಯತ್ಯಾಸ ಬರುತ್ತದೆ. ಅದಕ್ಕೇ ಹಿಂದೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಗುರಿಪಟ್ಟಿ) ಹಾಕಿಸಿದ್ದೇನೆ, ತಿರುಪು ಎಷ್ಟು ತಿರುಗಿಸಬೇಕು ಅಂತ ಗುರುತು ಮಾಡಿಟ್ಟಿದ್ದೇನೆ. ತೋಟಾ ಬದಲಿಸಿದ ದಿನ ಕಾಡಿಗೆ ಹೊರಡುವ ಮೊದಲು ಗುರಿಹಲಗೆಗೆ ಒಂದೆರಡು ಹೊಡೆದು ನೋಡುತ್ತೇನೆ. ಜೇಬಿನಲ್ಲಿ ಒಂದೇ ತರದ್ದು ಇರುತ್ತದೆ, ಎರಡು ತರದ್ದು ಬೆರೆಸಿ ಒಯ್ಯುವುದಿಲ್ಲ.